ನೆಲದೊಳಗಿನ ನೀರಿಗೆ ಬೇಲಿಯಿಲ್ಲ
(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯಲ್ಲಿ ದುಡಿಯುವವರಿಗೂ ಅಂಗಡಿ ಇಟ್ಟವರಿಗೂ ನೆಲದೊಳಗಿನ ನೀರಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ಗಿರಣಿಗೆ ಹತ್ತಿ ಬರುವುದು ಹೊಲದಿಂದ. ರೈತನ ಕೈ ಬರಿದಾದರೆ ಸಂತೆಯ ದಿನ ಅಂಗಡಿಯ ಮುಂದೆ ನಿಲ್ಲುವವರಾರು? ಆದ್ದರಿಂದ ಇದು ನಮ್ಮೆಲ್ಲರ ಪ್ರಶ್ನೆ.

ಚಿತ್ರದುರ್ಗ, ಬಳ್ಳಾರಿಗಳ ಬಯಲುಸೀಮೆಯಲ್ಲಿ ಮಳೆ ಕಡಿಮೆ, ನಿಜ. ಆದರೂ ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಸುಮಾರು 1 ಲಕ್ಷ ಲೀಟರ್ ನೀರು. ಅಷ್ಟು ನೀರು ಹೋಗುವುದೆಲ್ಲಿಗೆ?

ಎರೆ ಭೂಮಿಯನ್ನು ನೋಡಿ. ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕುಗಳಲ್ಲಿ ಮೊದಲ ಮಳೆ ಸರಸರನೆ ಇಳಿಯುತ್ತದೆ. ಮಣ್ಣು ನೆನೆದು ಉಬ್ಬಿದೊಡನೆ ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲೆ ಇಳಿಯುವುದು ಬಹು ನಿಧಾನ, ಮಿಕ್ಕದ್ದು ಹಳ್ಳದ ಪಾಲು. ಆದರೆ ಕುಡಿದ ನೀರನ್ನು ಎರೆ ಬಹುಕಾಲ ಹಿಡಿದಿಡುತ್ತದೆ. ಹಿಂಗಾರಿ ಜೋಳ ಬೆಳೆಯುವುದು ಆ ಹಸಿಯ ಬಲದಿಂದಲೇ. ಕೆಂಪು ಭೂಮಿ ಬೇಗ ಕುಡಿಯುತ್ತದೆ, ಬೇಗ ಒಣಗುತ್ತದೆ. ಬಿರುಮಳೆಯ ಹೊಡೆತಕ್ಕೆ ಅದರ ಮೇಲ್ಮಣ್ಣು ಹಪ್ಪಳದಂತೆ ಗಟ್ಟಿಯಾದರೆ ನೀರು ಮೇಲೆಯೇ ಹರಿದುಹೋಗುತ್ತದೆ.

ಬೆಳೆ ಕುಡಿದು, ಬಿಸಿಲು ಹೀರಿ, ಹಳ್ಳಕ್ಕೆ ಹರಿದು ಉಳಿದ ನೀರು ಮಾತ್ರ, ಅಂದರೆ ಬಹುಮಟ್ಟಿಗೆ ನೂರಕ್ಕೆ ಹತ್ತು ಪಾಲಿನ ಆಸುಪಾಸು, ಕೆಳಗಿನ ಶಿಥಿಲ ಕಲ್ಲಿನ ಪದರಕ್ಕೂ ಬಂಡೆಯ ಸೀಳುಗಳಿಗೂ ಸೇರುತ್ತದೆ. ಬಾವಿಗಳಿಗೆ ಇಷ್ಟೇ ಆದಾಯ. ಈ ಸೀಳುಗಳು ಸರ್ವೆ ನಂಬರನ್ನು ಅರಿಯವು. ಹಣವುಳ್ಳವನು ಐನೂರು ಅಡಿ ಕೊರೆಸಿ ಹಗಲಿರುಳು ಎತ್ತಿದರೆ ನೆರೆಯವನ ಐವತ್ತಡಿಯ ಬಾವಿ ಬತ್ತುತ್ತದೆ. ಅವನೂ ಸಾಲ ತಂದು ಕೊರೆಸುತ್ತಾನೆ. ಇಬ್ಬರೂ ಸೇರಿ ಒಂದು ಹನಿ ಮಳೆಯನ್ನೂ ಹೆಚ್ಚಿಸಿಲ್ಲ. ನೀರು ಇಳಿಯಿತು, ಸಾಲ ಏರಿತು. ಸಂಬಳದಲ್ಲಿ ಉಳಿಸಿ ಊರಿಗೆ ಕಳಿಸಿದ ಹಣ ಇಂಥ ಸಾಲದ ಬಡ್ಡಿಗೆ ಹೋದದ್ದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ.

ಅಧಿಸೂಚಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಕೊಳವೆಬಾವಿ ಕೊರೆಯಕೂಡದೆಂದು ಕರ್ನಾಟಕದ 2011ರ ಅಂತರ್ಜಲ ಕಾಯಿದೆ ಹೇಳುತ್ತದೆ. ಅದು ಬೇಕು. ಆದರೆ ಕಾಯಿದೆಯು ಎತ್ತುವ ಕೈಯನ್ನು ತಡೆದೀತೇ ಹೊರತು ನೀರನ್ನು ಇಂಗಿಸಲಾರದು. ಇಂಗಬೇಕಾದರೆ ಓಡುವ ನೀರು ನಡೆಯಬೇಕು, ನಡೆಯುವ ನೀರು ನಿಲ್ಲಬೇಕು. ಇಳಿಜಾರಿಗೆ ಅಡ್ಡಲಾಗಿ ಉಳುಮೆ, ಹೊಲಕ್ಕೆ ಬದು, ಹಳ್ಳಕ್ಕೆ ಒಡ್ಡು, ಹೂಳೆತ್ತಿದ ಕೆರೆ: ಇವು ಬೇಕು. ಮೇಲಿನ ಹೊಲದವನು ಬದು ಕಟ್ಟದಿದ್ದರೆ ಕೆಳಗಿನವನ ಬದು ಒಂದೇ ಮಳೆಗೆ ಒಡೆಯುತ್ತದೆ. ಆದ್ದರಿಂದ ಗುಡ್ಡದ ನೆತ್ತಿಯಿಂದ ಕೆರೆಯ ಅಂಗಳದವರೆಗೆ ಕೆಲಸ ಒಟ್ಟಾಗಿಯೇ ನಡೆಯಬೇಕು.

ಹಬ್ಬಕ್ಕೆ ಊರಿಗೆ ಹೋದಾಗ ಗ್ರಾಮಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: ನಮ್ಮ ಕೆರೆಗೆ ನೀರು ತರುವ ಹಳ್ಳಗಳನ್ನು ಒತ್ತಿಕೊಂಡವರು ಯಾರು? ಉತ್ತರ ಸಿಗುವ ತನಕ ಕೂರಬೇಡಿ.