ಮ್ಯಾನೇಜ್‌ಮೆಂಟ್ ಶಾಲೆಗೆ ಅರ್ಜಿ ಹಾಕುವ ಮುನ್ನ ಒಂದು ಲೆಕ್ಕ
(ನಮ್ಮ ಉಚಿತ ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ವಿಷಯದ ಮೇಲೆ ಮಾತನಾಡಲು ಯಾರಾದರೂ ಪ್ರಾಧ್ಯಾಪಕರನ್ನು ಕರೆಯಬೇಕಾಗಿತ್ತು. ನಾವು ಗಿರಣಿಯ ಕಾರಕೂನರು. ನಮ್ಮ ಓದು ಮೆಟ್ರಿಕ್ಕಿಗೆ ನಿಂತಿತು. ಆದರೆ ಸಂಜೆ ಈ ವಾಚನಾಲಯದ ಬಾಗಿಲು ತೆಗೆದು ಕೂಡುವ ಕೆಲಸ ನಮ್ಮದಾದ್ದರಿಂದ, ಇಲ್ಲಿ ಓದಲು ಬರುವ ಮಕ್ಕಳ ಅರ್ಜಿಗಳನ್ನೂ ಅವರ ತಂದೆತಾಯಿಗಳ ಚಿಂತೆಯನ್ನೂ ಹತ್ತಿರದಿಂದ ಕಂಡಿದ್ದೇವೆ. ಜಮಾ-ಖರ್ಚು ಬರೆಯುವುದು ನಮಗೆ ಗೊತ್ತು. ಇಂದಿನ ಮಾತೂ ಜಮಾ-ಖರ್ಚಿನದೇ.

2023ರ ಕ್ಯಾಟ್ ಪರೀಕ್ಷೆಯ ಫಲಿತಾಂಶ ಬಂದ ದಿನ ನಮ್ಮ ಹಿರಿಯರೊಬ್ಬರು ಇಲ್ಲಿ ಪೇಡೆ ಹಂಚಿದರು. ನೇಯ್ಗೆ ಖಾತೆಯಲ್ಲಿ ದುಡಿದವರು ಅವರು. ಮಗನಿಗೆ 92 ಬಂದಿತ್ತು. ನಾವೂ ಪೇಡೆ ತಿಂದೆವು. ನೂರಕ್ಕೆ 92 ಎಂದರೆ ಇನ್ನೇನು ಬೇಕು ಎಂದುಕೊಂಡೆವು. ಜನವರಿ ಕಳೆಯಿತು, ಫೆಬ್ರವರಿ ಕಳೆಯಿತು. ಹುಡುಗನು ಬಯಸಿದ್ದ ಅಹಮದಾಬಾದು, ಬೆಂಗಳೂರು, ಕಲ್ಕತ್ತೆಗಳಿಂದ ಸಂದರ್ಶನಕ್ಕೆ ಒಂದು ಕರೆಯೂ ಬರಲಿಲ್ಲ. ತಂದೆಯವರು ಪ್ರಾವಿಡೆಂಟ್ ಫಂಡಿನಿಂದ ಹಣ ತೆಗೆದು ತರಬೇತಿಗೆ ಕಟ್ಟಿದ್ದರು. "ನಿಮ್ಮ ಹುಡುಗನಿಗೆ ಸೀಟು ಸಿಗುವ ಸಂಭವ ಚೆನ್ನಾಗಿದೆ" ಎಂದು ತರಬೇತಿಯವರು ಹೇಳಿದ್ದರಂತೆ. ಯಾವ ಲೆಕ್ಕದ ಮೇಲೆ ಎಂದು ಇವರು ಕೇಳಲಿಲ್ಲ. ಕೇಳಬೇಕೆಂದು ನಾವೂ ಹೇಳಿಕೊಡಲಿಲ್ಲ. ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಆದ್ದರಿಂದಲೇ ಇಂದು ನಿಮ್ಮೆದುರು ನಿಂತಿದ್ದೇವೆ.

ಆ 92 ಎಂಬುದು ಅಂಕವಲ್ಲ, ಪರ್ಸೆಂಟೈಲ್. ಪರೀಕ್ಷೆಗೆ ಕುಳಿತವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ನೂರಕ್ಕೆ 92 ಮಂದಿ ನಮ್ಮ ಹಿಂದೆ, 8 ಮಂದಿ ಮುಂದೆ ಎಂದು ಅದರ ಅರ್ಥ. 2023ರಲ್ಲಿ ಕುಳಿತವರು ಸುಮಾರು 2,88,000 ಮಂದಿ. ಅದರಲ್ಲಿ ನೂರಕ್ಕೆ 8 ಎಂದರೆ 23,000 ಮಂದಿ ನಮ್ಮ ಹುಡುಗನಿಗಿಂತ ಮುಂದೆ ಇದ್ದರು. 99 ಬಂದವನ ಮುಂದೆಯೂ 2,880 ಮಂದಿ ಇರುತ್ತಾರೆ. ಅಹಮದಾಬಾದಿನ ಎರಡು ವರ್ಷದ ಮುಖ್ಯ ತರಗತಿಗೆ ವರ್ಷಕ್ಕೆ ಸೇರುವವರು ಸುಮಾರು 400 ಮಂದಿ ಮಾತ್ರ. ಇಷ್ಟು ಗೊತ್ತಿದ್ದರೆ ನಾವು ಪೇಡೆಗೆ ಅವಸರ ಮಾಡುತ್ತಿರಲಿಲ್ಲ.

ನೂಲು ಎಷ್ಟು ನಂಬರಿನದೆಂದು ನೋಡದೆ ಗಿರಣಿಯಲ್ಲಿ ಯಾರೂ ಅದನ್ನು ಮಗ್ಗಕ್ಕೆ ಏರಿಸುವುದಿಲ್ಲ. ಹಾಗೆಯೇ ಹಣ ಕಟ್ಟುವ ಮುನ್ನ ಒಂದು ಹಾಳೆಯಲ್ಲಿ ನಾಲ್ಕು ಕಲಮು ಎಳೆದುಕೊಳ್ಳಿರಿ.

ಮೊದಲನೆಯದು, ಆಗಲೇ ಬರೆದು ಮುಗಿದ ಲೆಕ್ಕ. ಹತ್ತನೆಯ ತರಗತಿ, ಹನ್ನೆರಡನೆಯ ತರಗತಿ, ಪದವಿ, ಇವುಗಳ ಅಂಕಗಳನ್ನು ಇನ್ನು ತಿದ್ದಲಾಗದು. ಕ್ಯಾಟ್‌ಗೆ ಕೂಡಲು ಪದವಿಯಲ್ಲಿ ನೂರಕ್ಕೆ 50 ಸಾಕು. ಪರಿಶಿಷ್ಟರಿಗೂ ಅಂಗವಿಕಲರಿಗೂ 45 ಸಾಕು. ಆದರೆ ಕೂಡುವುದು ಬೇರೆ, ಕರೆ ಬರುವುದು ಬೇರೆ. ಬೆಂಗಳೂರಿನ ಸಂಸ್ಥೆ ಹಳೆಯ ಅಂಕಗಳಿಗೆ ಗಣನೀಯ ತೂಕ ಕೊಡುತ್ತದೆ. ಅಹಮದಾಬಾದೂ ಅವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ನೌಕರಿಯ ಅನುಭವಕ್ಕೂ ಹಲವೆಡೆ ಅಂಕವುಂಟು. ಪ್ರತಿಯೊಂದು ಸಂಸ್ಥೆಯೂ ತನ್ನ ಆಯ್ಕೆಯ ಸೂತ್ರವನ್ನು ವರ್ಷ ವರ್ಷ ಪ್ರಕಟಿಸುತ್ತದೆ. ನಮ್ಮ ಹುಡುಗನಿಗೆ ಹತ್ತನೆಯದರಲ್ಲಿ 68, ಹನ್ನೆರಡನೆಯದರಲ್ಲಿ 64 ಇತ್ತು. ಆ ಸೂತ್ರವನ್ನು ಮೊದಲೇ ಓದಿದ್ದರೆ, ಬೇರೆ ಸಂಸ್ಥೆಗಳಿಗೂ ಅರ್ಜಿ ಹಾಕಿಸುತ್ತಿದ್ದೆವು. 92ಕ್ಕೆ ಬಾಗಿಲು ತೆರೆಯುವ ಶಾಲೆಗಳು ಇದ್ದವು. ನಾವು ಎಚ್ಚರಗೊಳ್ಳುವಷ್ಟರಲ್ಲಿ ಅವುಗಳ ಕೊನೆಯ ದಿನ ಮುಗಿದಿತ್ತು.

ಎರಡನೆಯದು, ಇನ್ನೂ ನಮ್ಮ ಕೈಯಲ್ಲಿರುವ ಲೆಕ್ಕ, ಅಂದರೆ ಪರೀಕ್ಷೆ. ಇಂಗ್ಲಿಷ್ ಓದು, ಅಂಕಿ-ಅಂಶಗಳ ತರ್ಕ, ಗಣಿತ ಎಂದು ಮೂರು ಭಾಗ. 2020ರಿಂದ ಒಂದೊಂದಕ್ಕೆ 40 ನಿಮಿಷ. ಒಟ್ಟು ಚೆನ್ನಾಗಿದ್ದು ಒಂದು ಭಾಗದಲ್ಲಿ ಕುಸಿದರೂ ಕರೆ ತಪ್ಪುತ್ತದೆ. ಸರಿಯುತ್ತರಕ್ಕೆ 3 ಅಂಕ. ಆಯ್ಕೆ ಕೊಟ್ಟ ಪ್ರಶ್ನೆಯಲ್ಲಿ ತಪ್ಪಿದರೆ 1 ಕಳೆಯುತ್ತಾರೆ. ನಾಲ್ಕು ಆಯ್ಕೆಗಳಿರುವ 12 ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಗುರುತು ಹಾಕಿದರೆ ಸರಾಸರಿ 3 ಸರಿ, 9 ತಪ್ಪು. ಬಂದದ್ದು 9, ಹೋದದ್ದು 9, ಉಳಿದದ್ದು ಸೊನ್ನೆ. ಆಯ್ಕೆಗಳಿಲ್ಲದ ಪ್ರಶ್ನೆಗೆ ಮಾತ್ರ ಈ ದಂಡವಿಲ್ಲ. ಅದನ್ನು ಖಾಲಿ ಬಿಡಬಾರದು. ಹಳೆಯ ಪ್ರಶ್ನೆಪತ್ರಿಕೆಗಳು ಪುಕ್ಕಟೆಯಾಗಿ ಸಿಗುತ್ತವೆ. ಗಡಿಯಾರ ಮುಂದಿಟ್ಟುಕೊಂಡು ಮೂರು ಪತ್ರಿಕೆ ಬಿಡಿಸಿ, ಬಂದ ಅಂಕವನ್ನು ಆ ವರ್ಷದ ಪರ್ಸೆಂಟೈಲಿಗೆ ಹೋಲಿಸಿರಿ. ನಿಮ್ಮ ಸಂಭವವೆಷ್ಟೆಂದು ಅದು ತರಬೇತಿಯವರಿಗಿಂತ ಪ್ರಾಮಾಣಿಕವಾಗಿ ಹೇಳುತ್ತದೆ.

ಮೂರನೆಯದು ಕಾಗದಪತ್ರ. ಊರು ಬಿಟ್ಟು ಬಂದ ನಾವು ಎಡವುವುದು ಇಲ್ಲಿಯೇ. ಐ.ಐ.ಎಂ.ಗಳಲ್ಲಿ ಪರಿಶಿಷ್ಟ ಜಾತಿಗೆ ನೂರಕ್ಕೆ 15, ಪರಿಶಿಷ್ಟ ಪಂಗಡಕ್ಕೆ 7.5, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗಗಳಿಗೆ 27 ಸೀಟುಗಳ ಮೀಸಲಾತಿ ಇದೆ. ಕೇಂದ್ರದ ಪಟ್ಟಿ ರಾಜ್ಯವಾರು ಇರುತ್ತದೆ. ವಲಸೆ ಬಂದವರ ವರ್ಗವನ್ನು ಮೂಲ ರಾಜ್ಯದ ಪಟ್ಟಿಯಿಂದ ನೋಡುತ್ತಾರೆ. ತಂದೆಯ ಹೆಸರಿನಲ್ಲಿ ಊರಿನ ಕಚೇರಿ ಕೊಟ್ಟ ಜಾತಿಪತ್ರವಿದ್ದರೆ ಅದರ ಆಧಾರದ ಮೇಲೆ ಇಲ್ಲಿಯ ಅಧಿಕಾರಿಗಳು ಮಕ್ಕಳಿಗೆ ಪತ್ರ ಕೊಡಬಹುದು. ತಂದೆಯ ಪತ್ರವೇ ಇಲ್ಲದಿದ್ದರೆ ಅದನ್ನು ಮಾಡಿಸಲು ಈ ಸಲದ ಜಾತ್ರೆಗೆ ಊರಿಗೆ ಹೋದಾಗಲೇ ಅರ್ಜಿ ಕೊಟ್ಟು ಬನ್ನಿರಿ. ಸಂದರ್ಶನದ ವಾರದಲ್ಲಿ ತಹಸೀಲ್ದಾರರ ಬಾಗಿಲಿಗೆ ಓಡಿ ಫಲವಿಲ್ಲ.

ನಾಲ್ಕನೆಯದು ಹಣ. 2024ರಲ್ಲಿ ಕ್ಯಾಟ್ ಅರ್ಜಿಗೆ 2,500 ರೂಪಾಯಿ. ಪರಿಶಿಷ್ಟರಿಗೂ ಅಂಗವಿಕಲರಿಗೂ 1,250. ಹಳೆಯ ಐ.ಐ.ಎಂ.ಗಳಲ್ಲಿ ಎರಡು ವರ್ಷಕ್ಕೆ ಫೀ 20 ಲಕ್ಷಕ್ಕೂ ಮೇಲೆ. ಈ ಸಂಖ್ಯೆ ಕೇಳಿ ಎದೆಗುಂದಬೇಡಿರಿ. ಇಂಥ ಶಾಲೆಗಳಲ್ಲಿ ಸೀಟು ದೊರೆತವರಿಗೆ ಬ್ಯಾಂಕುಗಳು ಆಸ್ತಿಯ ಅಡಮಾನವಿಲ್ಲದೆ ಸಾಲ ಕೊಡುತ್ತವೆ. ಕೇಂದ್ರ ಸರ್ಕಾರವು 2024ರ ನವೆಂಬರಿನಲ್ಲಿ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯೂ ಇದೆ. ದೆಹಲಿ ವಿಶ್ವವಿದ್ಯಾಲಯದ ಎಫ್.ಎಂ.ಎಸ್. ಕ್ಯಾಟ್ ಅಂಕವನ್ನೇ ನೋಡುತ್ತದೆ. ಅಲ್ಲಿಯ ಫೀ ಐ.ಐ.ಎಂ.ಗಳಿಗಿಂತ ಬಹಳ ಕಡಿಮೆ. ನಮ್ಮ ಮುಂಬಯಿಯಲ್ಲೇ 1965ರಿಂದ ಜಮನಾಲಾಲ್ ಬಜಾಜ್ ಸಂಸ್ಥೆ ಇದೆ. ಅದಕ್ಕೆ ಮಹಾರಾಷ್ಟ್ರದ ಸಿ.ಇ.ಟಿ. ಪರೀಕ್ಷೆಯ ದಾರಿಯುಂಟು. ಆದುದರಿಂದ ಅರ್ಜಿ ಹಾಕುವಾಗ ಮೂರು ಮೆಟ್ಟಿಲು ಇರಲಿ: ಕೈ ಚಾಚಿದರೆ ಸಿಕ್ಕೀತು ಎನ್ನುವುದು ಒಂದು, ನಮ್ಮ ಎತ್ತರದ್ದು ಒಂದು, ಖಂಡಿತ ಸಿಗುವುದು ಒಂದು.

ಈ ಲೆಕ್ಕ ಆಸೆಯನ್ನು ಮುರಿಯುವುದಕ್ಕೆ ಎಂದು ತಿಳಿಯಬಾರದು. ಹೋಟೆಲಿನಲ್ಲಿ ಅಡಿಗೆ ಮಾಡುವ ನಮ್ಮವರೊಬ್ಬರ ಮಗಳು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. "ಅಣ್ಣಾ, ನನ್ನ ಇಂಗ್ಲಿಷಿಗೆ ಅದೆಲ್ಲ ಆಗದು, ಎಲ್ಲಾದರೂ ಕೆಲಸ ಹುಡುಕಿಕೊಡಿ" ಎಂದು ಬಂದಿದ್ದಳು. ಕಲಮು ಎಳೆದೆವು. ಹತ್ತನೆಯದರಲ್ಲಿ 91, ಹನ್ನೆರಡನೆಯದರಲ್ಲಿ 89. ಗಣಿತದ ಹಳೆಯ ಪತ್ರಿಕೆಯನ್ನು ನಮ್ಮ ಮುಂದೆಯೇ ಸರಾಗವಾಗಿ ಬಿಡಿಸಿದಳು. ಸೊರಗಿದ್ದು ಇಂಗ್ಲಿಷ್ ಭಾಗ ಒಂದೇ. ಅದಕ್ಕೆ ಮದ್ದು ಈ ಮೇಜಿನ ಮೇಲೆಯೇ ಇದೆ. ಈಗ ದಿನಾ ಸಂಜೆ ಇಲ್ಲಿ ಕುಳಿತು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದಿ, ಸಾರಾಂಶವನ್ನು ಎರಡು ಸಾಲು ಬರೆದು ಹೋಗುತ್ತಾಳೆ. ಫಲ ಏನಾಗುವುದೋ ನಾವು ಹೇಳಲಾರೆವು. ಆದರೆ ಪರೀಕ್ಷೆಗೆ ಕೂಡದೆಯೇ ಸೋಲುವುದಂತೂ ತಪ್ಪಿತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ ಹಿರಿಯರು. ಮೊದಲು ಹಾಸಿಗೆಯನ್ನು ಅಳೆಯಬೇಕು. ಕೆಲವರ ಹಾಸಿಗೆ ಅವರು ತಿಳಿದದ್ದಕ್ಕಿಂತ ಉದ್ದವಾಗಿಯೇ ಇರುತ್ತದೆ.

ನೇಯ್ಗೆ ಖಾತೆಯ ಆ ಹಿರಿಯರು ಇಂದೂ ಸಭೆಗೆ ಬಂದಿದ್ದಾರೆ. ಈ ವಿಷಯ ಹೇಳಿರೆಂದು ನಮ್ಮನ್ನು ಒತ್ತಾಯಿಸಿದವರೂ ಅವರೇ. ಅವರ ಮಗ ಈಗ ನೌಕರಿಯಲ್ಲಿದ್ದು, ಅನುಭವ ಸೇರಿಸಿಕೊಂಡು ಮತ್ತೊಮ್ಮೆ ಪರೀಕ್ಷೆಗೆ ಕೂಡುವವನಿದ್ದಾನೆ; ಈ ಸಲ ಸೂತ್ರ ಓದಿಕೊಂಡು. ನಿಮ್ಮ ಮನೆಯಲ್ಲಿಯೂ ಓದುವ ಮಕ್ಕಳಿದ್ದರೆ ರವಿವಾರ ಬೆಳಿಗ್ಗೆ ಅಂಕಪಟ್ಟಿ ತೆಗೆದುಕೊಂಡು ಬನ್ನಿರಿ. ಕಲಮು ಎಳೆಯಲು ನಾವು ಇರುತ್ತೇವೆ. ಇಲ್ಲಿ ಫೀ ಇಲ್ಲ.