ನಮ್ಮ ರಕ್ತ ನಮಗೇ ಮರಳಿದಾಗ

(ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ರಕ್ತದಾನದ ಬಗ್ಗೆ ನೀವು ಅನೇಕ ಭಾಷಣಗಳನ್ನು ಕೇಳಿದ್ದೀರಿ. ಇಂದು ಅದರ ಪಕ್ಕದಲ್ಲೇ ಇರುವ, ಆದರೆ ನಾವು ಅಷ್ಟಾಗಿ ಮಾತನಾಡದ ಒಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಶಸ್ತ್ರಚಿಕಿತ್ಸೆಯ ವೇಳೆ ರೋಗಿಯ ದೇಹದಿಂದ ಹರಿದುಹೋಗುವ ರಕ್ತವನ್ನು ಹಿಡಿದಿಟ್ಟು, ಸೋಸಿ ಅಥವಾ ತೊಳೆದು, ಅದೇ ರೋಗಿಗೆ ಮರಳಿ ಕೊಡುವ ವಿಧಾನವೇ ಆ ವಿಷಯ.

ಇದು ದೊಡ್ಡ ಪಟ್ಟಣಗಳ ಮಾತು, ನಮಗೇಕೆ ಎನ್ನಬೇಡಿ. ಜೋಯಿಡಾ ತಾಲೂಕಿನ ಒಂದು ಹಳ್ಳಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಳೆಗಾಲದ ರಾತ್ರಿ. ಎರಡು ತಿಂಗಳ ಗರ್ಭಿಣಿಗೆ ಇದ್ದಕ್ಕಿದ್ದಂತೆ ತೀವ್ರ ಹೊಟ್ಟೆನೋವು, ತಲೆಸುತ್ತು, ತಣ್ಣನೆಯ ಬೆವರು. ಗರ್ಭವು ಗರ್ಭಕೋಶದಲ್ಲಿ ನೆಲೆಸದೆ ಗರ್ಭನಾಳದಲ್ಲಿ ಬೆಳೆದು, ಆ ನಾಳ ಒಡೆದಿದೆ. ಹೊರಗೆ ರಕ್ತ ಹೆಚ್ಚು ಕಾಣುವುದಿಲ್ಲ. ಒಳಗೆ ಮಾತ್ರ ಒಂದೂವರೆ, ಎರಡು ಲೀಟರ್ ರಕ್ತ ಸೋರಿ ನಿಂತಿರಬಹುದು. ಐವತ್ತು ಕಿಲೋ ತೂಕದ ಹೆಣ್ಣುಮಗಳ ಮೈಯಲ್ಲಿ ಇರುವುದೇ ಸುಮಾರು ಮೂರೂಕಾಲು ಲೀಟರ್ ರಕ್ತ!

ಅವಳನ್ನು ಕಾಡಿನ ರಸ್ತೆಯಲ್ಲಿ ದಾಂಡೇಲಿಗೆ ತರಬೇಕು. ಅಲ್ಲಿಂದ ಧಾರವಾಡ ಇನ್ನೂ ಸುಮಾರು 55 ಕಿ.ಮೀ. ಜಿಲ್ಲಾ ಕೇಂದ್ರವಾದ ಕಾರವಾರಕ್ಕೆ ಹೋಗಬೇಕೆಂದರೆ ಅಣಶಿ ಘಾಟ ಇಳಿಯಬೇಕು. ದೊಡ್ಡ ಕಾಯಿಲೆ ಬಂದರೆ ಹಳಿಯಾಳದವರು ಧಾರವಾಡದ ದಾರಿ ಹಿಡಿಯುತ್ತಾರೆ, ಮುಂಡಗೋಡದವರು ತಡಸ ದಾಟಿ ಹುಬ್ಬಳ್ಳಿಗೆ ಹೋಗುತ್ತಾರೆ. ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಜನ ಎತ್ತಿದ ಕೂಗು ನಿಮಗೆ ನೆನಪಿರಬಹುದು. ದೂರ ಎಂಬುದು ನಮ್ಮ ಭಾಗದಲ್ಲಿ ಒಂದು ಕಾಯಿಲೆಯೇ ಆಗಿದೆ.

ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಸಿಕ್ಕರು ಎಂದುಕೊಳ್ಳೋಣ. ಗುಂಪಿಗೆ ಸರಿಹೊಂದುವ ರಕ್ತ ಬರುವುದು ತಡವಾದರೆ? ಆ ಗಳಿಗೆಯಲ್ಲಿ ಅವಳಿಗೆ ಎಲ್ಲಕ್ಕಿಂತ ಹತ್ತಿರವಿರುವ, ಗುಂಪು ಹುಡುಕಬೇಕಾಗಿಲ್ಲದ ರಕ್ತ ಅವಳ ಹೊಟ್ಟೆಯೊಳಗೇ ಇದೆ. ಅದನ್ನು ಚೆಲ್ಲುವುದೋ, ಉಳಿಸಿಕೊಳ್ಳುವುದೋ? ಇದೇ ಇಂದಿನ ಪ್ರಶ್ನೆ.

ಈ ವಿಚಾರ ಹೊಸದಲ್ಲ. ಇಂಗ್ಲೆಂಡಿನ ಜೇಮ್ಸ್ ಬ್ಲಂಡೆಲ್ ಎಂಬ ವೈದ್ಯರು ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವ ತಾಯಂದಿರನ್ನು ಕಂಡು ಮರುಗಿ, 1818ರ ಸುಮಾರಿಗೆ ರಕ್ತಪೂರಣದ ಪ್ರಯೋಗಗಳನ್ನು ನಡೆಸಿದರು. 1880ರ ದಶಕದಲ್ಲಿ ಎಡಿನ್‌ಬರೋದ ಜಾನ್ ಡಂಕನ್ ಅವರು ಕಾಲು ಕತ್ತರಿಸಬೇಕಾಗಿ ಬಂದ ರೋಗಿಗೆ ಅವನದೇ ರಕ್ತವನ್ನು ಮರಳಿ ಕೊಟ್ಟರು. 1914ರಲ್ಲಿ ಜರ್ಮನಿಯ ಯೊಹಾನೆಸ್ ಥೀಸ್ ಅವರು ಗರ್ಭನಾಳ ಒಡೆದ ಮಹಿಳೆಯರಿಗೆ ಇದೇ ರೀತಿ ಚಿಕಿತ್ಸೆ ನೀಡಿದ್ದನ್ನು ಪ್ರಕಟಿಸಿದರು. ಮುಂದೆ ಬ್ಲಡ್ ಬ್ಯಾಂಕುಗಳು ಬೆಳೆದಂತೆ ಈ ವಿಧಾನ ಹಿಂದೆ ಸರಿಯಿತು. 1970ರ ದಶಕದಲ್ಲಿ ರಕ್ತ ತೊಳೆಯುವ ಯಂತ್ರಗಳು ಬಂದ ಮೇಲೆ ಮತ್ತೆ ಮುಂದೆ ಬಂದಿತು.

ವಿಜ್ಞಾನ ಓದುವ ವಿದ್ಯಾರ್ಥಿಗಳು ಈ ಯಂತ್ರದ ಕೆಲಸವನ್ನು ಗಮನಿಸಬೇಕು. ಇದನ್ನು ಸೆಲ್ ಸೇವರ್ ಎನ್ನುತ್ತಾರೆ. ಗಾಯದಲ್ಲಿ ನಿಂತ ರಕ್ತವನ್ನು ನಳಿಕೆಯೊಂದು ಹೀರಿಕೊಳ್ಳುತ್ತದೆ. ಹೆಪ್ಪುಗಟ್ಟದಂತೆ ಅದಕ್ಕೆ ಹೆಪಾರಿನ್ ಮುಂತಾದ ಔಷಧ ಸೇರುತ್ತದೆ. ಸೋಸುವ ಪಾತ್ರೆ ದಾಟಿ ರಕ್ತವು ವೇಗವಾಗಿ ತಿರುಗುವ ಬಟ್ಟಲಿಗೆ ಬರುತ್ತದೆ. ಮೊಸರು ಕಡೆದಾಗ ಬೆಣ್ಣೆ ಬೇರೆಯಾಗುವುದನ್ನು ನೋಡಿದ್ದೀರಲ್ಲ? ಇಲ್ಲಿ ಭಾರವಾದ ಕೆಂಪು ರಕ್ತಕಣಗಳು ಹೊರಬದಿಗೆ ಸರಿದು ಬೇರೆಯಾಗುತ್ತವೆ. ಅವನ್ನು ಸಲೈನ್ ನೀರಿನಿಂದ ತೊಳೆದು ರೋಗಿಗೆ ಏರಿಸುತ್ತಾರೆ. ಹೀಗೆ ಮರಳುವುದು ಕೆಂಪುಕಣ ಮಾತ್ರ. ಹೆಪ್ಪುಗಟ್ಟಿಸುವ ಅಂಶಗಳೂ ಪ್ಲೇಟ್‌ಲೆಟ್‌ಗಳೂ ತೊಳೆದುಹೋಗುತ್ತವೆ. ಆದ್ದರಿಂದ ರಕ್ತ ಬಹಳ ಹೋಗಿದ್ದರೆ ಅವನ್ನು ದಾನಿಗಳಿಂದಲೇ ಪಡೆಯಬೇಕಾಗುತ್ತದೆ. ಹೃದಯ, ದೊಡ್ಡ ರಕ್ತನಾಳ ಮತ್ತು ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗಳಲ್ಲಿ ಈ ಯಂತ್ರ ಬಹಳ ಉಪಯುಕ್ತ.

ಯಂತ್ರವಿಲ್ಲದ ಕಡೆ? ಹೊಟ್ಟೆಯಲ್ಲಿ ನಿಂತ ರಕ್ತವನ್ನು ಶುದ್ಧ ಪಾತ್ರೆಯಿಂದ ಮೊಗೆದು, ಕ್ರಿಮಿರಹಿತ ಗಾಜ್ ಬಟ್ಟೆಯ ಹಲವು ಪದರಗಳಲ್ಲಿ ಸೋಸಿ, ಹೆಪ್ಪುಗಟ್ಟದ ದ್ರಾವಣವಿರುವ ಚೀಲಕ್ಕೆ ತುಂಬಿ ಮರಳಿ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯೂ ವಿವರಿಸಿದೆ. ಆಫ್ರಿಕಾದ ಘಾನಾದಲ್ಲಿ ಸೌಟಿನಿಂದ ಮೊಗೆಯುವ ಬದಲು ಕೈಯಿಂದಲೇ ಎಳೆದು ನಡೆಸುವ ಹೆಮಾಫ್ಯೂಸ್ ಎಂಬ ಸಾಧನವನ್ನು ಬಳಕೆಗೆ ತಂದರು. ದಾರಿ ದೂರ, ರಕ್ತ ವಿರಳ. ಅವರ ಕಷ್ಟವೂ ನಮ್ಮಂಥದೇ.

ಆದರೆ ಒಂದು ಮಾತು. ಎಲ್ಲ ರಕ್ತವನ್ನೂ ಹೀಗೆ ಮರಳಿಸಲಾಗದು. ಕರುಳು ಹರಿದು ಮಲ ಬೆರೆತಿದ್ದರೆ, ಕೀವು ಇದ್ದರೆ, ರಕ್ತ ಸೋರಿ ಆರು ಗಂಟೆ ಮೀರಿದ್ದರೆ ಇದು ಅಪಾಯಕಾರಿ. ಕ್ಯಾನ್ಸರ್ ಗೆಡ್ಡೆಯ ಶಸ್ತ್ರಚಿಕಿತ್ಸೆಯಲ್ಲಿಯೂ ವಿಶೇಷ ಎಚ್ಚರ ಬೇಕು. ಇದನ್ನು ನಿರ್ಧರಿಸುವವರು ಶಸ್ತ್ರವೈದ್ಯರು ಮತ್ತು ಅರಿವಳಿಕೆ ವೈದ್ಯರೇ ಹೊರತು ರೋಗಿಯ ಬಂಧುಗಳಲ್ಲ. ನಮ್ಮ ಕೆಲಸ ರೋಗಿಯನ್ನು ಬೇಗ ತಲುಪಿಸುವುದು ಮತ್ತು ಗೌರವದಿಂದ ಕೇಳುವುದು: "ಡಾಕ್ಟರೇ, ಅವಳ ರಕ್ತವನ್ನೇ ಉಳಿಸಿಕೊಳ್ಳುವ ಅನುಕೂಲ ಇಲ್ಲಿದೆಯೇ?"

ಮೊದಲೇ ದಿನ ಗೊತ್ತಾದ ಶಸ್ತ್ರಚಿಕಿತ್ಸೆಗೆ ಇನ್ನೊಂದು ದಾರಿಯಿದೆ. ಹಿಮೋಗ್ಲೋಬಿನ್ 11 ಗ್ರಾಂ ಅಥವಾ ಹೆಚ್ಚಿದ್ದರೆ ರೋಗಿಯೇ ಕೆಲವು ವಾರ ಮುಂಚೆ ತನ್ನ ರಕ್ತವನ್ನು ಕೊಟ್ಟು ಇರಿಸಬಹುದು. ಸಾಮಾನ್ಯ ದ್ರಾವಣದಲ್ಲಿ ಅದು 35 ದಿನ ಕೆಡದೆ ಉಳಿಯುತ್ತದೆ. ಎಲ್ಲರಿಗೂ ಇದು ಬೇಕಾಗಿಲ್ಲ. ಆದರೆ ಅಪರೂಪದ ಗುಂಪಿನವರಿಗೆ ಇದು ದೊಡ್ಡ ಆಸರೆ. 1952ರಲ್ಲಿ ವೈ.ಎಂ. ಭೇಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಕಂಡುಹಿಡಿದ 'ಬಾಂಬೆ ರಕ್ತಗುಂಪು' ಅಂಥದು. ಸಾಮಾನ್ಯ ಪರೀಕ್ಷೆಯಲ್ಲಿ ಅದು ಓ ಗುಂಪಿನಂತೆ ಕಾಣುತ್ತದೆ. ಆದರೆ ಅವರಿಗೆ ಓ ರಕ್ತವೂ ಆಗದು. ಅದೇ ಗುಂಪಿನವರದು ಬೇಕು, ಇಲ್ಲವೇ ತಮ್ಮದೇ ರಕ್ತ ಬೇಕು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ. ಯಂತ್ರ ಮರಳಿಸುವುದು ಮೈಯಲ್ಲಿದ್ದ ರಕ್ತವನ್ನು. ಮೊದಲೇ ರಕ್ತಹೀನತೆ ಇದ್ದರೆ ಮರಳಿಸುವುದಾದರೂ ಏನನ್ನು? ಹಿಮೋಗ್ಲೋಬಿನ್ 12 ಇದ್ದ ತಾಯಿ ಒಂದು ಲೀಟರ್ ರಕ್ತ ಕಳೆದುಕೊಂಡರೂ ತಾಳಿಕೊಳ್ಳಬಹುದು. 7 ಇದ್ದವಳಿಗೆ ಅಷ್ಟೇ ನಷ್ಟ ಪ್ರಾಣಕ್ಕೆ ಕುತ್ತು. ಗರ್ಭಿಣಿಯರಿಗೆ ಸರಕಾರ ಉಚಿತವಾಗಿ 180 ದಿನಗಳ ಕಬ್ಬಿಣಾಂಶದ ಮಾತ್ರೆ ಕೊಡುತ್ತದೆ, ಹೆರಿಗೆಯ ನಂತರವೂ ಅಷ್ಟೇ. ಮಲ ಕಪ್ಪಾಗುತ್ತದೆ, ವಾಕರಿಕೆ ಬರುತ್ತದೆ ಎಂದು ಅದೆಷ್ಟು ಮನೆಗಳಲ್ಲಿ ಆ ಮಾತ್ರೆಗಳು ಕಪಾಟಿನಲ್ಲೇ ಉಳಿಯುತ್ತವೆ! ಊಟದ ನಂತರ, ಲಿಂಬೆರಸದ ಜೊತೆ ನುಂಗಲಿ. ಚಹಾದ ಜೊತೆ ಬೇಡ. ಮಾತ್ರೆಯ ಆ ಪಟ್ಟಿಯೇ ತಾಯಿಯ ಮೊದಲ ಬ್ಲಡ್ ಬ್ಯಾಂಕು.

ಹಾಗಾದರೆ ರಕ್ತದಾನ ಬೇಡವೇ? ಖಂಡಿತ ಬೇಕು. ಅಪಘಾತದಲ್ಲಿ ರಸ್ತೆಯ ಮೇಲೆ ಹರಿದ ರಕ್ತವನ್ನು ಯಾವ ಯಂತ್ರವೂ ಮರಳಿಸದು. ಥಲಸ್ಸೀಮಿಯಾ ಮಗುವಿಗೆ ತನ್ನ ರಕ್ತ ಸಾಲದು. ನಿಮಗೆ 18 ತುಂಬಿ, ತೂಕ 45 ಕಿಲೋಗೆ ಕಡಿಮೆಯಿಲ್ಲದೆ, ಹಿಮೋಗ್ಲೋಬಿನ್ 12.5 ಇದ್ದರೆ ನೀವು ದಾನಿಗಳಾಗಬಹುದು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು.

ವಿದ್ಯಾರ್ಥಿ ಮಿತ್ರರೇ, ಇಂದು ಮನೆಗೆ ಹೋದ ಮೇಲೆ ಮೂರು ಕೆಲಸ ಮಾಡಿ. ಮನೆಯ ಪ್ರತಿಯೊಬ್ಬರ ರಕ್ತಗುಂಪನ್ನು ಒಂದು ಹಾಳೆಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. ತಾಯಿ, ಅಕ್ಕ, ಅತ್ತಿಗೆಯವರನ್ನು ಹಿಮೋಗ್ಲೋಬಿನ್ ಪರೀಕ್ಷೆಗೆ ಕರೆದೊಯ್ಯಿರಿ. ತಿಂಗಳು ತಪ್ಪಿದ ಮೇಲೆ ಹೊಟ್ಟೆನೋವು, ತಲೆಸುತ್ತು ಕಂಡರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಲು ಎಲ್ಲರಿಗೂ ಹೇಳಿ. ನಿಮ್ಮಲ್ಲಿ ಕೆಲವರು ಮುಂದೆ ವೈದ್ಯರೋ ನರ್ಸುಗಳೋ ತಂತ್ರಜ್ಞರೋ ಆಗುವಿರಿ. ಆಗ ನಿಮ್ಮ ಊರನ್ನು ಮರೆಯಬೇಡಿ. ಹರಿದುಹೋಗುವ ರಕ್ತ ಮರಳಿ ಬರುವಂತೆ, ಕಲಿಯಲು ಹೊರಟ ನೀವೂ ಈ ಮಣ್ಣಿಗೆ ಮರಳಿ ಬಂದರೆ ನಮ್ಮ ದೂರ ತಾನಾಗಿ ಕಡಿಮೆಯಾದೀತು.