ಕಮಾನಿನ ಕೆಳಗೆ ಹಾಯುವ ಮಕ್ಕಳೆಲ್ಲಿ?

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



2024ರ ಮೇ ತಿಂಗಳಲ್ಲಿ ನಾನು ಅಂಕೋಲೆಗೆ ಹೋಗಿದ್ದೆ. ನಮ್ಮ ತಂಡ ಪ್ರೌಢಶಾಲೆ ಮುಗಿಸಿ ಐವತ್ತು ವರುಷಗಳು ತುಂಬಿದ್ದವು. ಬಂಡಿಹಬ್ಬದ ಹೊತ್ತಿಗೆ ಎಲ್ಲರೂ ಕೂಡಬೇಕೆಂದು ಸಹಪಾಠಿಗಳು ನಿಶ್ಚಯಿಸಿದ್ದರು. ಕೊನೆಯ ತರಗತಿಗೆ ಕಾಲಿಟ್ಟಾಗ ನಾವು ಮೈಸೂರು ರಾಜ್ಯದ ವಿದ್ಯಾರ್ಥಿಗಳು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾಯಿತು. ಪರೀಕ್ಷೆ ಬರೆದದ್ದು ಕರ್ನಾಟಕದ ಮಕ್ಕಳಾಗಿ. ಅಂದು ಶಾಲೆಯ ಅಂಗಳದಲ್ಲಿ ನಾವು ಕೂಗಿದ ಜಯಕಾರ ಇನ್ನೂ ಕಿವಿಯಲ್ಲಿದೆ.

ಸಭೆಯಲ್ಲಿ ಹಳೆಯ ಕ್ರಮದಂತೆ ಹಾಜರಿ ಕರೆದರು. ಕೆಲವು ಹೆಸರುಗಳಿಗೆ ಉತ್ತರ ಬರಲಿಲ್ಲ. ಎಲ್ಲರೂ ಎದ್ದು ನಿಂತೆವು. ಊಟಕ್ಕೆ ಕರಿ ಇಶಾಡ ಮಾವಿನ ರಸಾಯನವಿತ್ತು. ಅನಂತರ ಮುಂಬಯಿಯಿಂದ ಹೋದ ನಾವು ನಮ್ಮ ಸಂಕಲ್ಪವನ್ನು ಮುಂದಿಟ್ಟೆವು: ಶಾಲೆಯ ಬಾಗಿಲಿಗೆ ಕಲ್ಲಿನ ಕಮಾನು, ಅದರ ಮೇಲೆ ದಾನಿಗಳ ಹೆಸರು.

ಊರಿನಲ್ಲೇ ಉಳಿದು ಕಿರಾಣಿ ಅಂಗಡಿ ನಡೆಸುತ್ತಿರುವ ಗೆಳೆಯನೊಬ್ಬ ಎದ್ದ. "ಕಮಾನು ಕಟ್ಟಿಸಿ ಮಾರಾಯ, ಬೇಡ ಅನ್ನೋದಿಲ್ಲ. ಅದರ ಕೆಳಗೆ ಹಾಯ್ದು ಬರಲಿಕ್ಕೆ ಮಕ್ಕಳು ಬೇಕಲ್ಲ?" ಎಂದ. ಕನ್ನಡ ಮಾಧ್ಯಮದ ತರಗತಿಗಳಲ್ಲಿ ಬೆಂಚುಗಳು ಬರಿದಾಗುತ್ತಿವೆಯೆಂದು ವಿವರಿಸಿದ. ನಾನು ತುಸು ಕೆರಳಿ, "ನಿನ್ನ ಮಕ್ಕಳನ್ನು ಎಲ್ಲಿ ಓದಿಸಿದೆ?" ಎಂದು ಕೇಳಿದೆ. "ಇಂಗ್ಲಿಷಿನಲ್ಲೇ. ನಿಮ್ಮನ್ನೆಲ್ಲ ನೋಡಿ ಕಲಿತದ್ದು ಅದು" ಎಂದ.

ಬಂಧುಗಳೇ, ನನ್ನಲ್ಲಿ ಉತ್ತರವಿರಲಿಲ್ಲ. ಮುಂಬಯಿ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತ ಬಂದಿದೆ. ನನ್ನ ಮಕ್ಕಳು ಅವುಗಳ ಮೆಟ್ಟಿಲು ಹತ್ತಲಿಲ್ಲ. ಪ್ರತಿವರ್ಷ ರಾಜ್ಯೋತ್ಸವದಂದು ಈ ವೇದಿಕೆಯಿಂದ ಕನ್ನಡದ ಅಳಿವು ಉಳಿವಿನ ಕುರಿತು ಮಾತನಾಡಿದವನು ನಾನು! ಮಾತೃಭಾಷಾ ಮಾಧ್ಯಮವನ್ನು ಸರಕಾರ ಬಲವಂತವಾಗಿ ಹೇರುವಂತಿಲ್ಲವೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತ ಮೇಲೆ ಆಯ್ಕೆ ತಂದೆತಾಯಿಗಳ ಕೈಯಲ್ಲಿದೆ. ಆ ಕೈ ನಮ್ಮದೇ.

ಹಿಂದೆ ನಮ್ಮ ಜಿಲ್ಲೆಯ ದಿನಕರ ದೇಸಾಯಿಯವರೂ ಮುಂಬಯಿಯಲ್ಲಿದ್ದವರೇ. ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯಲ್ಲಿ ದುಡಿಯುತ್ತ, ಹಡಗು ಕಾರ್ಮಿಕರನ್ನು ಸಂಘಟಿಸುತ್ತ ಇದ್ದ ಅವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಉತ್ತರ ಕನ್ನಡದಲ್ಲಿ ಪ್ರೌಢಶಾಲೆಗಳನ್ನು ತೆರೆದರು. ಹೊರನಾಡಿನಲ್ಲಿದ್ದು ಊರಿಗೆ ಏನು ಕೊಡಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಅಂದು ಸಂಜೆ ಕಮಾನಿನ ಮಾತು ಕೈಬಿಟ್ಟೆವು. ಜನ ಕನ್ನಡ ಶಾಲೆಯನ್ನು ಬಿಡುತ್ತಿರುವುದು ಕನ್ನಡದ ಮೇಲಿನ ದ್ವೇಷದಿಂದಲ್ಲ, ಮಗುವಿಗೆ ಇಂಗ್ಲಿಷ್ ಬಾರದೆ ಹೋದೀತೆಂಬ ಭಯದಿಂದ. ಆದ್ದರಿಂದ ಕನ್ನಡ ತರಗತಿಯಲ್ಲೇ ಇಂಗ್ಲಿಷನ್ನು ಚೆನ್ನಾಗಿ ಕಲಿಸುವ ಒಬ್ಬ ಶಿಕ್ಷಕರ ಸಂಬಳಕ್ಕೂ, ಹಳ್ಳಿಯಿಂದ ಬರುವ ಮಕ್ಕಳ ಬಸ್ ಖರ್ಚಿಗೂ ಹಣ ಕೊಡುವುದೆಂದು ತೀರ್ಮಾನವಾಯಿತು. ಹೆಸರು ಎಲ್ಲಿಯೂ ಕೆತ್ತಿಸಬಾರದೆಂದೂ ಒಪ್ಪಿದೆವು. ಇದರಿಂದ ಬೆಂಚುಗಳು ತುಂಬಿಯೇ ತುಂಬುತ್ತವೆಂದು ನಾನು ಹೇಳಲಾರೆ. ಆದರೆ ಕೆಲಸ ತೊಡಗಿದೆ.

ನಮ್ಮ ಸಂಘಕ್ಕೂ ಒಂದು ಬಿನ್ನಹ. ಪ್ರತಿ ಭಾನುವಾರ ಇದೇ ಸಭಾಂಗಣದಲ್ಲಿ ಮಕ್ಕಳಿಗೆ ಕನ್ನಡ ಓದು ಬರಹ ಕಲಿಸೋಣ. ನನ್ನ ಮೊಮ್ಮಗಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಮೊದಲನೆಯ ಹೆಸರು ಅವಳದಾಗಲಿ. ಎರಡನೆಯದು ನಿಮ್ಮ ಮನೆಯಿಂದ ಬರಲಿ ಎಂದು ಪ್ರಾರ್ಥಿಸಿ ನನ್ನ ಮಾತು ಮುಗಿಸುತ್ತೇನೆ.